ಫೀಡ್‌ನಲ್ಲಿ ಆ್ಯಂಟಿಬಯೋಟಿಕ್ ಇದ್ದರೂ ಸಾಲ್ಮೊನೆಲ್ಲಾ ಬಂದದ್ದು ಯಾಕೆ?

ಪ್ರಶ್ನೆ: ನಾನು ಬ್ರಾಯ್ಲರ್ ಕೋಳಿ ಸಾಕುತ್ತೇನೆ. ನಾನು ತರಿಸುವ ಫೀಡ್‌ನಲ್ಲಿ ಮೊದಲ ದಿನದಿಂದಲೇ ಆ್ಯಂಟಿಬಯೋಟಿಕ್ ಇರುತ್ತದೆ. ಅದು ಇದ್ದರೆ ಸಾಲ್ಮೊನೆಲ್ಲಾ ರೋಗಾಣು ಹತ್ತಿರ ಸುಳಿಯಲ್ಲ ಅಂತ ಹೇಳಿದ್ದರು. ಆದರೆ ಕಳೆದ ಬ್ಯಾಚ್‌ನ ಹಿಕ್ಕೆ ಟೆಸ್ಟ್ ಮಾಡಿಸಿದಾಗ ಸಾಲ್ಮೊನೆಲ್ಲಾ ಪಾಸಿಟಿವ್ ಬಂತು. ವಿಚಿತ್ರ ಅಂದರೆ ಒಂದು ಕೋಳಿಗೂ ಕಾಯಿಲೆ ಇರಲಿಲ್ಲ, ತೂಕವೂ ಚೆನ್ನಾಗಿತ್ತು. ಈಗ ಒಬ್ಬರು ಡೋಸ್ ಜಾಸ್ತಿ ಮಾಡಿ ಅನ್ನುತ್ತಾರೆ. ಇನ್ನೊಬ್ಬರು ಆ್ಯಂಟಿಬಯೋಟಿಕ್‌ನಿಂದಲೇ ಸಾಲ್ಮೊನೆಲ್ಲಾ ಬರುವುದು, ಪೂರ್ತಿ ತೆಗೆಯಿರಿ ಅನ್ನುತ್ತಾರೆ. ಯಾರ ಮಾತು ಕೇಳಲಿ?

ಉತ್ತರ: ಡೋಸ್ ಜಾಸ್ತಿ ಮಾಡಿ ಅಂದವರ ಮಾತನ್ನಂತೂ ಕೇಳಬೇಡಿ. ಎರಡನೆಯವರ ಮಾತಿನಲ್ಲಿ ಅರ್ಧ ನಿಜ ಇದೆ. ಆ್ಯಂಟಿಬಯೋಟಿಕ್ ಸಾಲ್ಮೊನೆಲ್ಲಾವನ್ನು ಹುಟ್ಟಿಸುವುದಿಲ್ಲ. ಅದು ಹೊರಗಿನಿಂದಲೇ ಬರಬೇಕು. ಆದರೆ ಹಾಗೆ ಬಂದದ್ದು ಕೋಳಿಯ ಕರುಳಲ್ಲಿ ಬೀಡು ಬಿಡುವುದಕ್ಕೆ ಕೆಲವು ಆ್ಯಂಟಿಬಯೋಟಿಕ್‌ಗಳು ದಾರಿ ಸಲೀಸು ಮಾಡಿಕೊಡುತ್ತವೆ. ಯಾವ ಔಷಧಿ, ಎಷ್ಟು, ಯಾವ ವಯಸ್ಸಿನಲ್ಲಿ ಎಂಬುದರ ಮೇಲೆ ಎಲ್ಲ ನಿಂತಿದೆ. ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಈ ವಿಷಯದಲ್ಲಿ ಒಂದು ಸಾಲಿನ ಉತ್ತರ ಕೊಟ್ಟವರಿಂದಲೇ ನಿಮಗೆ ಈ ಗೊಂದಲ ಆಗಿರುವುದು.

ಮೊದಲು ಕಾಯಿಲೆ ಇಲ್ಲದ ಪಾಸಿಟಿವ್ ರಿಪೋರ್ಟ್ ವಿಷಯ. ಇದರಲ್ಲಿ ವಿಚಿತ್ರ ಏನೂ ಇಲ್ಲ. ಸಾಲ್ಮೊನೆಲ್ಲಾ ಅಂದರೆ ಒಂದೇ ರೋಗಾಣು ಅಲ್ಲ, 2,500ಕ್ಕೂ ಹೆಚ್ಚು ಬಗೆಗಳಿವೆ. (ಸಾಲ್ಮನ್ ಮೀನಿಗೂ ಇದಕ್ಕೂ ಸಂಬಂಧ ಇಲ್ಲ. ಡೇನಿಯಲ್ ಸಾಲ್ಮನ್ ಎಂಬ ಅಮೆರಿಕದ ಪಶುವೈದ್ಯರ ಹೆಸರು ಅದಕ್ಕೆ ಬಂದದ್ದು. 1885ರ ಸುಮಾರಿಗೆ ಹಂದಿಗಳಲ್ಲಿ ಅದನ್ನು ನಿಜವಾಗಿ ಹುಡುಕಿದ್ದು ಅವರ ಕೈಕೆಳಗಿದ್ದ ಥಿಯೊಬಾಲ್ಡ್ ಸ್ಮಿತ್.) ಇವುಗಳಲ್ಲಿ ಪುಲ್ಲೋರಮ್, ಗ್ಯಾಲಿನೇರಮ್ ಎಂಬ ಎರಡು ಕೋಳಿಗೇ ಅಂಟಿಕೊಂಡವು. ಇವು ಬಂದರೆ ಮರಿಗಳಿಗೆ ಬಿಳಿ ಭೇದಿ, ದೊಡ್ಡ ಕೋಳಿಗಳಿಗೆ ಟೈಫಾಯ್ಡ್, ರಾಶಿ ರಾಶಿ ಸಾವು. ಮನುಷ್ಯರಿಗೆ ಇವು ತೊಂದರೆ ಕೊಡುವುದು ಅಪರೂಪ. ಎಂಟೆರಿಟಿಡಿಸ್, ಟೈಫಿಮ್ಯೂರಿಯಮ್, ಇನ್‌ಫ್ಯಾಂಟಿಸ್, ಹೈಡೆಲ್‌ಬರ್ಗ್ ಇತ್ಯಾದಿಗಳ ಸ್ವಭಾವ ಇದಕ್ಕೆ ತಿರುಗಾಮುರುಗಾ. ಮೊದಲ ವಾರ ದಾಟಿದ ಕೋಳಿಗೆ ಇವು ಸಾಮಾನ್ಯವಾಗಿ ಏನೂ ಮಾಡುವುದಿಲ್ಲ. ಕೋಳಿ ತಿನ್ನುತ್ತದೆ, ಬೆಳೆಯುತ್ತದೆ, ಎಫ್‌ಸಿಆರ್ (ಒಂದು ಕಿಲೋ ತೂಕಕ್ಕೆ ತಿನ್ನುವ ಫೀಡ್‌ನ ಲೆಕ್ಕ) ಚೆನ್ನಾಗಿಯೇ ಇರುತ್ತದೆ. ಸುಮ್ನೆ ಕರುಳಲ್ಲಿ ಕೂತು ಹಿಕ್ಕೆಯಲ್ಲಿ ಹೊರಬೀಳುತ್ತಿರುತ್ತವೆ. ಆ ಮಾಂಸ ಅರೆಬೆಂದದ್ದನ್ನು ತಿಂದ ಮನುಷ್ಯನಿಗೆ ವಾಂತಿ, ಭೇದಿ, ಜ್ವರ. ಹಾಗಾಗಿ ಕೋಳಿ ಗೆಲುವಾಗಿದೆ ಅನ್ನುವುದನ್ನು ನೋಡಿ ಸಾಲ್ಮೊನೆಲ್ಲಾ ಇಲ್ಲ ಅಂತ ಹೇಳಲು ಬರುವುದಿಲ್ಲ.

ಈಗ ನಿಮ್ಮ ಫೀಡ್ ಚೀಲದ ಲೇಬಲ್ ತಿರುಗಿಸಿ ನೋಡಿ. ‘ಆ್ಯಂಟಿಬಯೋಟಿಕ್ ಹಾಕಿದೆ’ ಎಂಬ ಒಂದೇ ಮಾತಿನ ಕೆಳಗೆ ಮೂರು ಬೇರೆ ಬೇರೆ ಕೆಲಸದ ಔಷಧಿಗಳು ಬರುತ್ತವೆ. ಬ್ಯಾಸಿಟ್ರಾಸಿನ್, ವರ್ಜಿನಿಯಾಮೈಸಿನ್, ಎವಿಲಾಮೈಸಿನ್, ಫ್ಲೇವೋಮೈಸಿನ್ ಇಂಥವು ಬೆಳವಣಿಗೆಗೆ ಅಂತ ಟನ್ನಿಗೆ ಕೆಲವೇ ಗ್ರಾಂ ಲೆಕ್ಕದಲ್ಲಿ ಹಾಕುವಂಥವು. ಸಲಿನೋಮೈಸಿನ್, ಮೊನೆನ್ಸಿನ್ ಕಾಕ್ಸಿಡಿಯೋಸಿಸ್ ಎಂಬ ಕರುಳಿನ ಪರಾವಲಂಬಿ ಕಾಯಿಲೆ ತಡೆಯುವುದಕ್ಕೆ. ಟೆಟ್ರಾಸೈಕ್ಲಿನ್, ನಿಯೋಮೈಸಿನ್, ಎನ್ರೋಫ್ಲಾಕ್ಸಾಸಿನ್ ಕಾಯಿಲೆ ಬಂದಾಗ ಕೆಲವು ದಿನ ಪೂರ್ತಿ ಡೋಸ್‌ನಲ್ಲಿ ಕೊಡುವಂಥವು. ಈ ಮೂರನೆಯ ಗುಂಪು ದಿನದ ಫೀಡ್‌ನಲ್ಲಿ ಇರಲೇಬಾರದು. ಇದ್ದರೆ ನನ್ನ ಉತ್ತರ ಪೂರ್ತಿ ಓದುವ ಮೊದಲೇ ಆ ಫೀಡ್ ಬದಲಾಯಿಸಿ.

ನಿಮ್ಮದು ಮೊದಲ ಗುಂಪಿನದು ಅಂತ ಇಟ್ಟುಕೊಳ್ಳೋಣ. ಅಲ್ಲೇ ಅರ್ಧ ಉತ್ತರ ಸಿಕ್ಕಿತು. ಈ ಬೆಳವಣಿಗೆ ಔಷಧಿಗಳಲ್ಲಿ ಬಹುಪಾಲು ಗ್ರಾಂ-ಪಾಸಿಟಿವ್ ಬ್ಯಾಕ್ಟೀರಿಯಾಗಳ ಮೇಲೆ ಮಾತ್ರ ಕೆಲಸ ಮಾಡುತ್ತವೆ. ಬ್ಯಾಕ್ಟೀರಿಯಾಗಳ ಎರಡು ದೊಡ್ಡ ಗುಂಪುಗಳಲ್ಲಿ ಅದೊಂದು, ಗ್ರಾಂ-ನೆಗೆಟಿವ್ ಇನ್ನೊಂದು. ಸಾಲ್ಮೊನೆಲ್ಲಾ ಗ್ರಾಂ-ನೆಗೆಟಿವ್. ಅದಕ್ಕೆ ಮೈಮೇಲೆ ಇನ್ನೊಂದು ಹೊರಪದರ ಇದೆ, ರೇನ್‌ಕೋಟ್ ಇದ್ದ ಹಾಗೆ. ಬ್ಯಾಸಿಟ್ರಾಸಿನ್‌ನಂಥ ದಪ್ಪ ಅಣುಗಳು ಆ ಪದರ ದಾಟಿ ಒಳಗೆ ಹೋಗುವುದಿಲ್ಲ. ಟನ್ನಿಗೆ 20 ಗ್ರಾಂ ಬದಲು 40 ಗ್ರಾಂ ಹಾಕಿದರೂ ಅಷ್ಟೇ. ಅಂದರೆ ನಿಮ್ಮ ಫೀಡ್‌ನಲ್ಲಿದ್ದ ಔಷಧಿ ಸಾಲ್ಮೊನೆಲ್ಲಾಗೆ ಹಾಕಿದ್ದೇ ಅಲ್ಲ. ಅದು ‘ಸೋತಿತು’ ಅನ್ನುವುದೂ ತಪ್ಪು. ಅದು ಕಣಕ್ಕೆ ಇಳಿದೇ ಇರಲಿಲ್ಲ.

ಹಾಗಾದರೆ ಇದನ್ನು ಯಾಕೆ ಹಾಕಲು ಶುರು ಮಾಡಿದರು? 1949ರ ಹೊತ್ತಿಗೆ ಅಮೆರಿಕದ ಲೆಡರ್ಲೆ ಕಂಪನಿಯಲ್ಲಿ ಸ್ಟೋಕ್‌ಸ್ಟಾಡ್ ಮತ್ತು ಜೂಕ್ಸ್ ಎಂಬಿಬ್ಬರು ಕೋಳಿ ಮರಿಗಳಿಗೆ ವಿಟಮಿನ್ ಬಿ12 ಸಿಗುವ ಅಗ್ಗದ ಆಹಾರ ಹುಡುಕುತ್ತಿದ್ದರು. ಕ್ಲೋರ್‌ಟೆಟ್ರಾಸೈಕ್ಲಿನ್ ತಯಾರಿಸಿ ಉಳಿದ ಚರಟವನ್ನು ತಿನ್ನಿಸಿ ನೋಡಿದರು. ಮರಿಗಳು ಬಿ12 ಲೆಕ್ಕಕ್ಕೂ ಮೀರಿ ಬೆಳೆದವು. ಚರಟದಲ್ಲಿ ಉಳಿದಿದ್ದ ಆ್ಯಂಟಿಬಯೋಟಿಕ್ ಆ ಕೆಲಸ ಮಾಡಿತ್ತು. ಎರಡೇ ವರ್ಷದಲ್ಲಿ, 1951ರಲ್ಲಿ, ಅಮೆರಿಕದಲ್ಲಿ ವೈದ್ಯರ ಚೀಟಿ ಇಲ್ಲದೆ ಫೀಡ್‌ಗೆ ಹಾಕಲು ಒಪ್ಪಿಗೆಯೂ ಸಿಕ್ಕಿತು. ಆಮೇಲೆ ಗೊತ್ತಾದ ಒಂದು ಸಂಗತಿ ನನಗೆ ಬಹಳ ಇಷ್ಟ. ಒಂದೂ ಬ್ಯಾಕ್ಟೀರಿಯಾ ಇಲ್ಲದ ಹಾಗೆ ಬೆಳೆಸಿದ ಮರಿಗಳಿಗೆ ಆ್ಯಂಟಿಬಯೋಟಿಕ್ ತಿನ್ನಿಸಿದರೆ ಬೆಳವಣಿಗೆ ಹೆಚ್ಚುವುದೇ ಇಲ್ಲ. ಅಂದರೆ ಅದು ಕೋಳಿಗೆ ಟಾನಿಕ್ ಅಲ್ಲ. ಕರುಳಲ್ಲಿರುವ ಜನಸಂಖ್ಯೆಯನ್ನು ಬದಲಾಯಿಸುವುದಷ್ಟೇ ಅದರ ಕೆಲಸ. ತೊಂದರೆ ಶುರುವಾಗುವುದೂ ಅಲ್ಲೇ.

ಮೂರು ವಾರದ ಆರೋಗ್ಯವಾದ ಬ್ರಾಯ್ಲರ್ ಒಂದನ್ನು ಕೊಯ್ದು ನೋಡಿದರೆ, ಸಣ್ಣ ಕರುಳು ಮುಗಿಯುವ ಜಾಗದಲ್ಲಿ ಎರಡು ಉದ್ದನೆಯ ಚೀಲಗಳು ಕಾಣುತ್ತವೆ. ತುದಿ ಮುಚ್ಚಿಕೊಂಡ ಚೀಲಗಳು. ಇವೇ ಸೀಕಮ್, ನಮ್ಮ ಕಡೆ ಕುರುಡು ಕರುಳು ಅನ್ನುವುದು. ಕತ್ತರಿ ತುದಿಯಿಂದ ಸೀಳಿದರೆ ಒಳಗೆ ಚಾಕೊಲೇಟ್ ಬಣ್ಣದ, ನೊರೆನೊರೆಯಾದ, ಹೊಳೆಯುವ ಅಂಟು ಪದಾರ್ಥ. ಹುಳಿ ನಾತ. ಒಂದು ಗ್ರಾಂನಲ್ಲಿ ಸಾವಿರಾರು ಕೋಟಿ ಬ್ಯಾಕ್ಟೀರಿಯಾ. ಆ ಹುಳಿ ನಾತವೇ ಒಳ್ಳೆಯ ಲಕ್ಷಣ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಅಸಿಟಿಕ್, ಪ್ರೊಪಿಯೋನಿಕ್, ಬ್ಯುಟಿರಿಕ್ ಆಮ್ಲಗಳನ್ನು ಮಾಡುತ್ತಿವೆ ಎಂದು ಅರ್ಥ. ಸಾಲ್ಮೊನೆಲ್ಲಾಗೆ ಈ ಆಮ್ಲಗಳು ಕಂಡರೆ ಆಗುವುದಿಲ್ಲ. ಬ್ಯುಟಿರಿಕ್ ಆಮ್ಲವಂತೂ ಕರುಳಿನ ಗೋಡೆ ಕೊರೆದು ಒಳನುಗ್ಗುವ ಅದರ ಜೀನುಗಳನ್ನೇ ತಣ್ಣಗಾಗಿಸುತ್ತದೆ. ಅದೇ ಒಂದು ದಿನದ ಮರಿಯ ಸೀಕಮ್ ಸೀಳಿ ನೋಡಿ. ದಾರದಷ್ಟು ತೆಳು. ಒಳಗೆ ಹೆಚ್ಚುಕಡಿಮೆ ಏನೂ ಇಲ್ಲ. ಖಾಲಿ ಬಸ್ಸು. ಮೊದಲು ಯಾರು ಹತ್ತುತ್ತಾರೋ ಸೀಟು ಅವರದ್ದು.

ಸಾಲ್ಮೊನೆಲ್ಲಾ ಸೀಕಮ್‌ನಲ್ಲಿ ಜಾಗ ಹಿಡಿಯುವುದೇ ಇಡೀ ಕಥೆ. ಹುಟ್ಟಿದ ದಿನ ಬಾಯಿಗೆ ಬೆರಳೆಣಿಕೆಯಷ್ಟು ಸಾಲ್ಮೊನೆಲ್ಲಾ ಹೋದರೂ ಮರಿಗೆ ಸೋಂಕು ಹತ್ತಬಹುದು. ಎರಡು ಮೂರು ವಾರದ ಕೋಳಿಗಾದರೆ ಅದರ ಎಷ್ಟೋ ಸಾವಿರ ಪಟ್ಟು ಬೇಕು. ಯಾಕೆಂದರೆ ಅಷ್ಟು ಹೊತ್ತಿಗೆ ಬಸ್ಸು ತುಂಬಿರುತ್ತದೆ.

ಈಗ ತುಂಬಿದ ಬಸ್ಸಿನಿಂದ ಔಷಧಿ ಹಾಕಿ ಜನರನ್ನು ಇಳಿಸಿದರೆ? ಅಮೆರಿಕದಲ್ಲಿ ಬೋನ್‌ಹಾಫ್ ಮತ್ತು ಮಿಲ್ಲರ್ 1950ರ, 60ರ ದಶಕಗಳಲ್ಲಿ ಇಲಿಗಳ ಮೇಲೆ ಇದನ್ನೇ ನೋಡಿದರು. ಸಾಮಾನ್ಯ ಇಲಿಗೆ ಸೋಂಕು ತಗುಲಲು ಸುಮಾರು ಒಂದು ಲಕ್ಷ ಸಾಲ್ಮೊನೆಲ್ಲಾ ಬೇಕಿತ್ತು. ಮೊದಲು ಒಂದು ದೊಡ್ಡ ಡೋಸ್ ಸ್ಟ್ರೆಪ್ಟೋಮೈಸಿನ್ ಕೊಟ್ಟ ಇಲಿಗೆ ಹತ್ತಕ್ಕಿಂತ ಕಡಿಮೆ ಸಾಕಾಯಿತು. ಲಕ್ಷ ಎಲ್ಲಿ, ಹತ್ತು ಎಲ್ಲಿ!

ಕೋಳಿಯಲ್ಲೂ ಇದನ್ನು ನೇರವಾಗಿ ನೋಡಿದವರಿದ್ದಾರೆ. 1970ರ ದಶಕದಲ್ಲಿ ಬ್ರಿಟನ್ನಿನ ಎಚ್. ವಿಲಿಯಮ್ಸ್ ಸ್ಮಿತ್ ಮತ್ತು ಟಕರ್, ಮರಿಗಳ ಗುಂಪುಗಳಿಗೆ ಬೇರೆ ಬೇರೆ ಬೆಳವಣಿಗೆ ಔಷಧಿಯ ಫೀಡ್ ಹಾಕಿ, ಟೈಫಿಮ್ಯೂರಿಯಮ್ ಸೋಂಕು ಕೊಟ್ಟು, ವಾರಗಟ್ಟಲೆ ಹಿಕ್ಕೆ ಪರೀಕ್ಷೆ ಮಾಡಿದರು. ಅವೋಪಾರ್ಸಿನ್ ತಿಂದ ಕೋಳಿಗಳು ಸಾದಾ ಫೀಡ್ ತಿಂದವಕ್ಕಿಂತ ಹೆಚ್ಚು ಸಾಲ್ಮೊನೆಲ್ಲಾವನ್ನು, ಹೆಚ್ಚು ದಿನ ಹೊರಹಾಕಿದವು. ಅವೋಪಾರ್ಸಿನ್‌ಗೆ ಗ್ರಾಂ-ಪಾಸಿಟಿವ್‌ಗಳೇ ಗುರಿ. ಸಾಲ್ಮೊನೆಲ್ಲಾದ ಎದುರಾಳಿಗಳನ್ನು ಕಡಿಮೆ ಮಾಡಿ, ಸಾಲ್ಮೊನೆಲ್ಲಾವನ್ನು ಮುಟ್ಟದೆ ಬಿಟ್ಟಿತು. ಕಾವಲುಗಾರರನ್ನು ಮನೆಗೆ ಕಳಿಸಿ ಕಳ್ಳನಿಗೆ ಬಾಗಿಲು ತೆರೆದ ಹಾಗೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಲೇಬೇಕು. ಎಲ್ಲ ಔಷಧಿಯೂ ಅವೋಪಾರ್ಸಿನ್ ಹಾಗೆ ಅಲ್ಲ. ಫ್ಲೇವೋಮೈಸಿನ್ ಮತ್ತು ಸಲಿನೋಮೈಸಿನ್ ಕೊಟ್ಟ ಬ್ರಾಯ್ಲರ್‌ಗಳು ಸಾಲ್ಮೊನೆಲ್ಲಾವನ್ನು ಕಡಿಮೆ ಹೊರಹಾಕಿದ ಪ್ರಯೋಗವೂ ಇದೆ. ಹಾಗಾಗಿ ‘ಆ್ಯಂಟಿಬಯೋಟಿಕ್ ಹಾಕಿದ್ರೆ ಸಾಲ್ಮೊನೆಲ್ಲಾ ಬರುತ್ತೆ’ ಅಂತ ಬೋರ್ಡ್ ಬರೆದು ಹಾಕಲು ಆಗುವುದಿಲ್ಲ. ಆದರೆ ಬೆಳವಣಿಗೆ ಔಷಧಿಯನ್ನೇ ನಂಬಿ ಸಾಲ್ಮೊನೆಲ್ಲಾ ತಡೆಯುತ್ತೇನೆ ಅನ್ನುವುದಕ್ಕೂ ಆಧಾರ ಇಲ್ಲ.

ಸರಿ, ಸಾಲ್ಮೊನೆಲ್ಲಾವನ್ನೇ ಕೊಲ್ಲುವ ಔಷಧಿ ಹಾಕಿದರೆ ಆಯಿತಲ್ವಾ? ಈ ಪ್ರಶ್ನೆ ನಿಮಗೂ ಬಂದಿರುತ್ತದೆ, ‘ಡೋಸ್’ ಅಂದವರ ತಲೆಯಲ್ಲೂ ಇದೇ ಇರಬಹುದು. ಔಷಧಿ ಹಾಕಿದ ದಿನಗಳಲ್ಲಿ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಕಡಿಮೆ ಆಗುತ್ತದೆ, ಕೆಲವು ಸಲ ಕಾಣುವುದೇ ಇಲ್ಲ. ಖುಷಿಯಿಂದ ನಿಲ್ಲಿಸುತ್ತೀರಿ. ವಾರ ಎರಡು ವಾರದಲ್ಲಿ ಮತ್ತೆ ಪಾಸಿಟಿವ್. ಸಾಲ್ಮೊನೆಲ್ಲಾ ಕರುಳಲ್ಲಷ್ಟೇ ಇರುವುದಿಲ್ಲ. ಕೋಳಿಯ ಮೈಕಾಯುವ ಬಿಳಿ ರಕ್ತಕಣಗಳ ಒಳಗೇ ಅಡಗಿ ಕೂರುತ್ತದೆ, ಯಕೃತ್ತು, ಗುಲ್ಮಗಳಲ್ಲಿ ಉಳಿಯುತ್ತದೆ. ಅಲ್ಲಿಗೆ ಹಲವು ಔಷಧಿಗಳು ಸರಿಯಾಗಿ ಮುಟ್ಟುವುದಿಲ್ಲ. ಇತ್ತ ಶೆಡ್‌ನ ಲಿಟ್ಟರ್ (ನೆಲದ ಹಾಸು) ತುಂಬ ಹಳೆಯ ಸಾಲ್ಮೊನೆಲ್ಲಾ ಇದ್ದೇ ಇದೆ. ಔಷಧಿಯಿಂದ ಸೀಕಮ್ ಬಸ್ಸು ಖಾಲಿಯಾಗಿದೆ. ಕೋಳಿ ಲಿಟ್ಟರ್ ಕೆದಕಿ ತಿನ್ನುತ್ತದೆ. ಮತ್ತೆ ಹತ್ತಿತು.

ಮನುಷ್ಯರ ವೈದ್ಯರು ಕೂಡ ಇದೇ ಕಾರಣಕ್ಕೆ, ಗಟ್ಟಿಮುಟ್ಟಾದ ದೊಡ್ಡವರಿಗೆ ಸಾಲ್ಮೊನೆಲ್ಲಾ ಭೇದಿ ಬಂದರೆ ಸಾಮಾನ್ಯವಾಗಿ ಆ್ಯಂಟಿಬಯೋಟಿಕ್ ಬರೆಯುವುದಿಲ್ಲ. ಭೇದಿ ಬೇಗ ನಿಲ್ಲುವುದೂ ಇಲ್ಲ, ಮಲದಲ್ಲಿ ರೋಗಾಣು ಉಳಿಯುವ ದಿನಗಳು ಉದ್ದವಾಗಬಹುದು ಬೇರೆ. ಎಳೆ ಮಕ್ಕಳು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕಡಿಮೆ ಇರುವವರ ವಿಷಯ ಬೇರೆ. ಅವರಿಗೆ ರಕ್ತಕ್ಕೆ ಹರಡುವ ಭಯ ಇರುತ್ತದೆ, ಆಗ ಔಷಧಿ ಬೇಕೇ ಬೇಕು.

ಆ ‘ಬೇಕೇ ಬೇಕು’ ಎಂಬ ಹೊತ್ತಿಗೆ ಔಷಧಿ ಕೆಲಸ ಮಾಡಬೇಕಲ್ಲ? ನಾವು ಕೋಳಿಗೆ ಹಾಕುವ ಔಷಧಿಗೂ ಆಸ್ಪತ್ರೆಗೂ ಗಂಟು ಬೀಳುವುದು ಇಲ್ಲಿ. ಕೆನಡಾದ ಕ್ವಿಬೆಕ್ ಪ್ರಾಂತ್ಯದ್ದು ಕಣ್ಣು ತೆರೆಸುವ ಉದಾಹರಣೆ. ಅಲ್ಲಿನ ಹ್ಯಾಚರಿಗಳಲ್ಲಿ, ಮರಿಗಳ ಹೊಕ್ಕುಳ ಸೋಂಕು ತಪ್ಪಿಸಲು ಮೊಟ್ಟೆಯೊಳಗೇ ಸೆಫ್ಟಿಯೋಫರ್ ಎಂಬ ಆ್ಯಂಟಿಬಯೋಟಿಕ್ ಚುಚ್ಚುತ್ತಿದ್ದರು. ಸಾಲ್ಮೊನೆಲ್ಲಾಗೆ ಅಂತ ಅಲ್ಲ, ಇ. ಕೋಲಿ ಎಂಬ ಇನ್ನೊಂದು ಕರುಳಿನ ಬ್ಯಾಕ್ಟೀರಿಯಾಗೆ. ಆದರೆ ಕೋಳಿ ಮಾಂಸದಲ್ಲಿ ಸಿಕ್ಕ ಹೈಡೆಲ್‌ಬರ್ಗ್ ಸಾಲ್ಮೊನೆಲ್ಲಾಗಳಲ್ಲಿ ಶೇಕಡಾ 62ರಷ್ಟು ಆ ಔಷಧಿಗೆ ಬಗ್ಗದಂಥವು ಆಗಿದ್ದವು. ಮನುಷ್ಯರಲ್ಲಿ ಸಿಕ್ಕವುಗಳಲ್ಲಿ ಶೇಕಡಾ 36. 2005ರಲ್ಲಿ ಹ್ಯಾಚರಿಗಳು ತಾವಾಗಿಯೇ ಚುಚ್ಚುವುದನ್ನು ನಿಲ್ಲಿಸಿದವು. 2006ರ ಹೊತ್ತಿಗೆ ಕೋಳಿಯಲ್ಲಿ 7ಕ್ಕೆ, ಮನುಷ್ಯರಲ್ಲಿ 8ಕ್ಕೆ ಇಳಿಯಿತು. ಆಮೇಲೆ ಕೆಲವರು ಮತ್ತೆ ಚುಚ್ಚಲು ಶುರು ಮಾಡಿದಾಗ ಅದೂ ಮತ್ತೆ ಏರತೊಡಗಿತು. ನಲ್ಲಿ ತಿರುಗಿಸಿದ ಹಾಗೆ. ಸೆಫ್ಟಿಯೋಫರ್‌ನ ಹತ್ತಿರದ ಸಂಬಂಧಿಗಳನ್ನೇ ಮಕ್ಕಳ ಗಂಭೀರ ಸಾಲ್ಮೊನೆಲ್ಲಾ ಸೋಂಕಿಗೆ ಆಸ್ಪತ್ರೆಯಲ್ಲಿ ಕೊಡುವುದು.

ಕಡಿಮೆ ಡೋಸ್‌ನಲ್ಲಿ ದಿನಾ ಹಾಕುವುದು ಇನ್ನೂ ಕೆಟ್ಟದ್ದು. ಸಾಯಿಸುವಷ್ಟು ಇಲ್ಲ, ಪಳಗಿಸುವಷ್ಟು ಇದೆ. ಸಹಿಸಿಕೊಳ್ಳುವ ಬ್ಯಾಕ್ಟೀರಿಯಾ ಉಳಿಯುತ್ತದೆ, ಆ ಗುಣವನ್ನು ಪ್ಲಾಸ್ಮಿಡ್ ಎಂಬ ಡಿಎನ್ಎ ಉಂಗುರದಲ್ಲಿಟ್ಟು ಪಕ್ಕದವರಿಗೂ ದಾಟಿಸುತ್ತದೆ. ಇ. ಕೋಲಿಯಿಂದ ಸಾಲ್ಮೊನೆಲ್ಲಾಗೂ ದಾಟುತ್ತದೆ. ಒಂದೇ ಉಂಗುರದಲ್ಲಿ ನಾಲ್ಕೈದು ಔಷಧಿಗಳ ವಿರುದ್ಧದ ಗುಣ ಒಟ್ಟಿಗೆ ಇರುವುದೂ ಉಂಟು. ನೀವು ಟೆಟ್ರಾಸೈಕ್ಲಿನ್ ಒಂದನ್ನೇ ಹಾಕಿದರೂ ಬಾಕಿ ನಾಲ್ಕೂ ಜೊತೆಗೇ ಬೆಳೆಯುತ್ತವೆ.

ಈಗ ನಿಮ್ಮ ನಿಜವಾದ ಭಯಕ್ಕೆ ಬರೋಣ. ತೆಗೆದರೆ ಏನಾಗುತ್ತದೆ?

ಸ್ವೀಡನ್ 1986ರಲ್ಲೇ ಬೆಳವಣಿಗೆ ಔಷಧಿಗಳನ್ನು ನಿಷೇಧಿಸಿತು. ಆ ದೇಶಕ್ಕೆ ಸಾಲ್ಮೊನೆಲ್ಲಾ ವಿಷಯದಲ್ಲಿ ಕಹಿ ನೆನಪಿದೆ. 1953ರಲ್ಲಿ ಆಲ್ವೆಸ್ಟಾ ಎಂಬಲ್ಲಿನ ಒಂದು ಕಸಾಯಿಖಾನೆಯಿಂದ ಹರಡಿ ಸುಮಾರು 9,000 ಜನ ಹಾಸಿಗೆ ಹಿಡಿದರು, 90ರಷ್ಟು ಜನ ಸತ್ತರು. ಆಮೇಲೆ ಅವರು ಹಿಡಿದ ದಾರಿ ಔಷಧಿಯದ್ದಲ್ಲ. ಫೀಡ್ ಬಿಸಿ ಮಾಡು, ಪ್ರತಿ ಹಿಂಡು ಟೆಸ್ಟ್ ಮಾಡು, ಪಾಸಿಟಿವ್ ಬಂದದ್ದನ್ನು ಮಾರುಕಟ್ಟೆಗೆ ಬಿಡಬೇಡ. ಇವತ್ತಿಗೂ ಅಲ್ಲಿನ ಬ್ರಾಯ್ಲರ್‌ಗಳಲ್ಲಿ ಸಾಲ್ಮೊನೆಲ್ಲಾ ಸಿಗುವುದು ಅಪರೂಪ. ಡೆನ್ಮಾರ್ಕ್‌ನ ಬ್ರಾಯ್ಲರ್ ಸಾಕಣೆದಾರರು 1998ರಲ್ಲಿ ತಾವಾಗಿಯೇ ನಿಲ್ಲಿಸಿದರು. ಸಾವು ಹೆಚ್ಚಲಿಲ್ಲ. ಒಂದು ಕಿಲೋ ತೂಕಕ್ಕೆ ತಿನ್ನುವ ಫೀಡ್ ಸುಮಾರು 16 ಗ್ರಾಂ ಹೆಚ್ಚಾಯಿತು, ಅಷ್ಟೇ. ಆ ನಷ್ಟವನ್ನು ಔಷಧಿಗೆ ಹಾಕದೆ ಉಳಿದ ಹಣ ಬಹುಮಟ್ಟಿಗೆ ತುಂಬಿತು. ನಿಲ್ಲಿಸಿದ್ದರಿಂದ ಸಾಲ್ಮೊನೆಲ್ಲಾ ಏರಿತೇ ಅಂತ ವಿಶ್ವ ಆರೋಗ್ಯ ಸಂಸ್ಥೆ ಕರೆಸಿದ ತಜ್ಞರ ತಂಡ 2002ರಲ್ಲಿ ಲೆಕ್ಕ ತೆಗೆದು ನೋಡಿತು. ಏರಿರಲಿಲ್ಲ. 2006ರ ಜನವರಿ 1ರಿಂದ ಐರೋಪ್ಯ ಒಕ್ಕೂಟ ಪೂರ್ತಿಯಾಗಿ ನಿಷೇಧಿಸಿತು. ಅಮೆರಿಕ 2017ರಲ್ಲಿ, ಮನುಷ್ಯರ ಚಿಕಿತ್ಸೆಗೆ ಬೇಕಾದ ಔಷಧಿಗಳನ್ನು ಬೆಳವಣಿಗೆಗೆ ಬಳಸುವುದನ್ನು ನಿಲ್ಲಿಸಿತು.

ಹಾಗಂತ ನಾಳೆ ಬೆಳಿಗ್ಗೆಯೇ ತೆಗೆದು ಬಿಸಾಕಿ ಅನ್ನುತ್ತಿಲ್ಲ. ತೆಗೆದಾಗ ಕಚ್ಚುವುದು ಸಾಲ್ಮೊನೆಲ್ಲಾ ಅಲ್ಲ, ಕ್ಲಾಸ್ಟ್ರಿಡಿಯಮ್ ಎಂಬ ಬೇರೆ ಬ್ಯಾಕ್ಟೀರಿಯಾ. ಅದು ಗ್ರಾಂ-ಪಾಸಿಟಿವ್, ಬ್ಯಾಸಿಟ್ರಾಸಿನ್‌ನಂಥವು ಇಷ್ಟು ದಿನ ಅದನ್ನೇ ಅದುಮಿ ಇಟ್ಟಿರುತ್ತವೆ. ಲಿಟ್ಟರ್ ಒದ್ದೆ, ಫೀಡ್‌ನಲ್ಲಿ ಅಗ್ಗದ ಮೀನಿನ ಪುಡಿ, ಮೇಲಿಂದ ಕಾಕ್ಸಿಡಿಯೋಸಿಸ್, ಇವೆಲ್ಲ ಸೇರಿದರೆ ಮೂರನೇ ನಾಲ್ಕನೇ ವಾರದಲ್ಲಿ ಕರುಳು ಕೊಳೆಯುವ ಕಾಯಿಲೆ ಬರುತ್ತದೆ. ಕಾಕ್ಸಿಡಿಯೋಸಿಸ್ ಬಂದ ಕರುಳಿನಲ್ಲಿ ಸಾಲ್ಮೊನೆಲ್ಲಾ ಕೂಡ ಹೆಚ್ಚು ಕೂರುತ್ತದೆ. ಹಾಗಾಗಿ ಬೆಳವಣಿಗೆ ಔಷಧಿ ತೆಗೆಯುವ ಹುರುಪಿನಲ್ಲಿ ಕಾಕ್ಸಿಡಿಯೋಸಿಸ್ ತಡೆಯುವ ಔಷಧಿಯನ್ನೂ ಕಿತ್ತು ಹಾಕಬೇಡಿ. ಯುರೋಪ್ ಕೂಡ ಅದನ್ನು ಉಳಿಸಿಕೊಂಡಿದೆ. ಇದನ್ನು ಮರೆತು ಕೈಸುಟ್ಟುಕೊಂಡ ಒಂದಿಬ್ಬರನ್ನು ನೋಡಿದ್ದೇನೆ. ದೋಷ ಔಷಧಿ ತೆಗೆದದ್ದರಲ್ಲಿ ಇರಲಿಲ್ಲ, ಸೋರುವ ನೀರಿನ ನಿಪ್ಪಲ್‌ಗಳಲ್ಲಿ ಇತ್ತು. ಲಿಟ್ಟರ್ ಹಿಡಿದು ಹಿಂಡಿದರೆ ಉಂಡೆ ಕಟ್ಟುತ್ತಿತ್ತು. ಒಂದು ಬ್ಯಾಚ್ ಅನ್ನು ಬರೀ ನೀರಿನ ಲೈನ್, ಗಾಳಿ, ಲಿಟ್ಟರ್ ಸರಿಮಾಡುವುದಕ್ಕೇ ಇಡಿ. ಅದರ ಮುಂದಿನ ಬ್ಯಾಚ್‌ನಲ್ಲಿ ತೆಗೆಯಿರಿ. ಅಷ್ಟರೊಳಗೆ ನಿಮ್ಮ ಪಶುವೈದ್ಯರ ಜೊತೆ ಕೂತು ಫೀಡ್ ಫಾರ್ಮುಲಾ ಒಮ್ಮೆ ನೋಡಿಸಿ.

ಇನ್ನು ಸಾಲ್ಮೊನೆಲ್ಲಾ ಎಲ್ಲಿಂದ ಬಂತು ಅಂತ ಹುಡುಕುವ ಕೆಲಸ. ನಾನಾದರೆ ಮೂರು ಕಡೆ ಮಾತ್ರ ನೋಡುತ್ತೇನೆ: ಮರಿ, ಫೀಡ್, ಇಲಿ. ಉಳಿದದ್ದೆಲ್ಲ ಆಮೇಲೆ.

ಮರಿ ಬರುವ ಡಬ್ಬದ ತಳದಲ್ಲಿ ಹಾಸಿರುವ ಕಾಗದ ಇರುತ್ತದಲ್ಲ, ಅದನ್ನು ಎಸೆಯಬೇಡಿ. ಅದರ ಮೇಲೆ ಮರಿಯ ಮೊದಲ ಹಿಕ್ಕೆ ಬಿದ್ದಿರುತ್ತದೆ. ಶುದ್ಧವಾದ ಚೀಲಕ್ಕೆ ಹಾಕಿ ಲ್ಯಾಬ್‌ಗೆ ಕಳಿಸಿ. ಅಲ್ಲೇ ಪಾಸಿಟಿವ್ ಬಂದರೆ ಸಾಲ್ಮೊನೆಲ್ಲಾ ಹ್ಯಾಚರಿಯಿಂದ ಅಥವಾ ಅದಕ್ಕೂ ಹಿಂದಿನ, ಮೊಟ್ಟೆ ಇಡುವ ತಾಯಿಕೋಳಿಗಳ ಪೇರೆಂಟ್ ಫಾರಂನಿಂದ ಬಂದಿದೆ ಅಂತ ಅರ್ಥ. ಹ್ಯಾಚರಿಯಲ್ಲಿ ಒಂದು ಮೊಟ್ಟೆಯ ಸಾಲ್ಮೊನೆಲ್ಲಾ ಸಾಕು. ಮರಿ ಚಿಪ್ಪು ಒಡೆಯುವಾಗ ಹಾರುವ ನವಿರು, ಧೂಳಿನ ಜೊತೆ ಫ್ಯಾನ್ ಗಾಳಿಯಲ್ಲಿ ಇಡೀ ಕೋಣೆಗೆ ಹರಡುತ್ತದೆ. ಆಮೇಲೆ ನಿಮ್ಮ ಶೆಡ್‌ನಲ್ಲಿ ಏನು ಸುರಿದರೂ ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಮರಿ ಕೊಡುವವರನ್ನು ಕೇಳಬೇಕು: ಪೇರೆಂಟ್ ಕೋಳಿಗಳಿಗೆ ಸಾಲ್ಮೊನೆಲ್ಲಾ ಲಸಿಕೆ ಆಗಿದೆಯಾ, ಎಷ್ಟು ದಿನಕ್ಕೊಮ್ಮೆ ಟೆಸ್ಟ್ ಮಾಡಿಸುತ್ತೀರಿ? ಕೇಳಲು ಸಂಕೋಚ ಬೇಡ.

ಕಾಗದ ನೆಗೆಟಿವ್ ಬಂದು, ಮೂರನೇ ವಾರದ ಹಿಕ್ಕೆ ಪಾಸಿಟಿವ್ ಬಂದರೆ? ಆಗ ಫೀಡ್ ಮತ್ತು ಶೆಡ್ ಕಡೆ ತಿರುಗಿ. ಫೀಡ್‌ನಿಂದ ಎಷ್ಟು ದೂರ ಹರಡಬಹುದು ಅನ್ನುವುದಕ್ಕೆ ಅಗೋನಾ ಎಂಬ ಸಾಲ್ಮೊನೆಲ್ಲಾ ಸಾಕ್ಷಿ. 1970ರ ಆಸುಪಾಸಿನಲ್ಲಿ ಪೆರು ದೇಶದ ಮೀನಿನ ಪುಡಿಯ ಜೊತೆ ಅದು ಹಡಗು ಹತ್ತಿ ಹಲವು ದೇಶಗಳ ಕೋಳಿ ಫಾರಂ ಸೇರಿತು, ಅಲ್ಲಿಂದ ಜನರ ಹೊಟ್ಟೆಗೆ. ಪೆಲೆಟ್ ಫೀಡ್ ಆದರೆ 80 ಡಿಗ್ರಿ ಆಸುಪಾಸು ಹಬೆಯಲ್ಲಿ ಬೇಯುತ್ತದೆ, ಅಲ್ಲಿ ಬಹುಪಾಲು ಸಾಲ್ಮೊನೆಲ್ಲಾ ಸಾಯುತ್ತದೆ. ಆದರೆ ನಾನು ಫೀಡ್ ಮಿಲ್‌ಗೆ ಹೋದರೆ ಬಾಯ್ಲರ್ ಹತ್ತಿರ ನಿಲ್ಲುವುದಿಲ್ಲ. ನೇರ ಕೂಲರ್ ಹತ್ತಿರ ಹೋಗುತ್ತೇನೆ. ಬಿಸಿ ಪೆಲೆಟ್ ತಣ್ಣಗಾಗುವಾಗ ಹಬೆ ಮೇಲೆದ್ದು ಕೂಲರ್‌ನ ತಗಡಿಗೆ ತಾಗಿ ಹನಿ ಕಟ್ಟುತ್ತದೆ. ಆ ಹನಿಗೆ ಹಸಿ ಧೂಳು ಅಂಟಿ ಕಂದು ಬಣ್ಣದ ಹೆಪ್ಪು ಆಗಿರುತ್ತದೆ. ಒಣ ಫೀಡ್‌ನಲ್ಲಿ ಸಾಲ್ಮೊನೆಲ್ಲಾ ತಿಂಗಳುಗಟ್ಟಲೆ ಬದುಕಿರುತ್ತದೆ, ಬೆಳೆಯುವುದಿಲ್ಲ. ಆ ಒದ್ದೆ ಹೆಪ್ಪಿನಲ್ಲಿ ಮಾತ್ರ ಆರಾಮಾಗಿ ಬೆಳೆದು, ಬೆಂದು ಬಂದ ಶುದ್ಧ ಪೆಲೆಟ್ ಮೇಲೆ ಉದುರುತ್ತದೆ. ಸ್ವ್ಯಾಬ್ ತೆಗೆಯುವುದಾದರೆ ಅಲ್ಲಿ ತೆಗೆಯಬೇಕು. ಫಾರ್ಮಿಕ್, ಪ್ರೊಪಿಯೋನಿಕ್ ಆಮ್ಲ ಬೆರೆಸಿದ ಫೀಡ್‌ಗೆ ಈ ಮರುಸೋಂಕು ತಡೆಯುವ ಶಕ್ತಿ ಸ್ವಲ್ಪ ಮಟ್ಟಿಗೆ ಇರುತ್ತದೆ.

ಇಲಿಯ ವಿಷಯವನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಸೋಂಕು ತಗುಲಿದ ಸುಂಡಿಲಿಯ ಒಂದೇ ಒಂದು ಹಿಕ್ಕೆಯಲ್ಲಿ ಲಕ್ಷದಷ್ಟು ಸಾಲ್ಮೊನೆಲ್ಲಾ ಇರಬಹುದು. ಅದು ನೋಡಲು ಫೀಡ್ ಕಾಳಿನ ಹಾಗೇ ಇರುವುದರಿಂದ ಮರಿ ಅದನ್ನೂ ಕುಕ್ಕುತ್ತದೆ. ಒಂದು ದಿನದ ಮರಿಗೆ ಬೆರಳೆಣಿಕೆಯಷ್ಟು ಸಾಕು ಅಂದೆನಲ್ಲ, ಲೆಕ್ಕ ನೀವೇ ಹಾಕಿ. ಶೆಡ್ ಖಾಲಿ ಇರುವಾಗ ಇಲಿ ಹಿಡಿಯಿರಿ, ಮರಿ ಬಂದ ಮೇಲೆ ಅಲ್ಲ. ಲಿಟ್ಟರ್‌ನಲ್ಲಿ ಓಡಾಡುವ ಸಣ್ಣ ಕಪ್ಪು ಹುಳುಗಳೂ ಹಾಗೆಯೇ. ಬ್ಯಾಚ್ ಮುಗಿದು ತಣ್ಣಗಾದಾಗ ಗೋಡೆ ಸಂದಿಗೆ ಹೋಗಿ, ಮುಂದಿನ ಮರಿಗಳಿಗೆ ಕೊಡುವ ಬ್ರೂಡಿಂಗ್ ಬಿಸಿಗೆ ಹೊರಬಂದು, ಹಳೆಯ ಬ್ಯಾಚ್‌ನ ಸಾಲ್ಮೊನೆಲ್ಲಾವನ್ನು ಹೊಸ ಮರಿಗೆ ಒಪ್ಪಿಸುತ್ತವೆ.

ಇಷ್ಟರ ಮೇಲೆ, ಔಷಧಿಯ ಬದಲು ಏನು ಹಾಕಲಿ ಅಂತ ಕೇಳುವುದಾದರೆ, ಮೊದಲು ಬಸ್ಸು ತುಂಬಿಸಿ. ಫಿನ್‌ಲ್ಯಾಂಡ್‌ನಲ್ಲಿ 1971ರಲ್ಲಿ ಫೀಡ್ ಮೂಲಕ ಇನ್‌ಫ್ಯಾಂಟಿಸ್ ಸಾಲ್ಮೊನೆಲ್ಲಾ ಬ್ರಾಯ್ಲರ್‌ಗಳಿಗೆ ಹರಡಿತ್ತು. ಆಗ ನುರ್ಮಿ ಮತ್ತು ರಂಟಾಲಾ ಎಂಬಿಬ್ಬರು ಯೋಚಿಸಿದ್ದು ಬಹಳ ಸರಳ. ದೊಡ್ಡ ಕೋಳಿಗೆ ಸಾಲ್ಮೊನೆಲ್ಲಾ ಸುಲಭವಾಗಿ ಹತ್ತುವುದಿಲ್ಲ, ಮರಿಗೆ ಹತ್ತುತ್ತದೆ. ಹ್ಯಾಚರಿ ಮರಿ ತಾಯಿಯನ್ನು ನೋಡಿಯೇ ಇಲ್ಲ, ಅದರ ಕರುಳಿಗೆ ತಾಯಿಯ ಬ್ಯಾಕ್ಟೀರಿಯಾ ಸಿಕ್ಕಿಲ್ಲ. ನಾವೇ ಕೊಟ್ಟರೆ? ಆರೋಗ್ಯವಾದ ಹುಂಜಗಳ ಕರುಳಿನ ದ್ರವವನ್ನು ಮರಿಗಳಿಗೆ ಕುಡಿಸಿದರು. ಆಮೇಲೆ ಸಾಲ್ಮೊನೆಲ್ಲಾ ಕೊಟ್ಟರೂ ಬಹುಪಾಲು ಮರಿಗಳಲ್ಲಿ ಅದು ನಿಲ್ಲಲಿಲ್ಲ. 1973ರಲ್ಲಿ ಅದು ಪ್ರಕಟವಾಯಿತು. ಇವತ್ತು ಅದೇ ತತ್ವದ, ರೋಗಾಣು ಇಲ್ಲವೆಂದು ಪರೀಕ್ಷಿಸಿದ ಕಲ್ಚರ್‌ಗಳನ್ನು ಹ್ಯಾಚರಿಯಲ್ಲೇ ಮರಿಗಳ ಮೇಲೆ ಸಿಂಪಡಿಸುತ್ತಾರೆ. ದಯವಿಟ್ಟು ನೀವೇ ಹುಂಜದ ಹಿಕ್ಕೆ ಕಲಸಿ ಕೊಡಲು ಹೋಗಬೇಡಿ. ಬೇರೆ ಎಂಟು ಕಾಯಿಲೆ ಜೊತೆಗೆ ಬರುತ್ತದೆ. ಒಂದೆರಡು ಬಗೆಯ ಬ್ಯಾಕ್ಟೀರಿಯಾ ಮಾತ್ರ ಇರುವ ಪ್ರೊಬಯೋಟಿಕ್ ಪುಡಿಗಳು ಇಷ್ಟು ಗಟ್ಟಿ ಅಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ವಾಸಿ. ಏನೇ ಕೊಟ್ಟರೂ ಮೊದಲ ದಿನವೇ ಕೊಡಬೇಕು. ಎರಡನೇ ವಾರದಲ್ಲಿ ಕೊಟ್ಟರೆ ದುಡ್ಡು ದಂಡ.

ಇಲ್ಲಿ ಬಹಳ ಜನ ಮಾಡುವ ತಪ್ಪೊಂದಿದೆ. ಮರಿ ಬಂದ ದಿನ ನೀರಿಗೆ ಪ್ರೊಬಯೋಟಿಕ್ ಹಾಕುತ್ತಾರೆ. ಅದೇ ದಿನ, ‘ಯಾವುದಕ್ಕೂ ಇರಲಿ’ ಅಂತ ಮೂರು ದಿನದ ಆ್ಯಂಟಿಬಯೋಟಿಕ್ ಕೂಡ. ಒಂದು ಕೈಯಲ್ಲಿ ಬಿತ್ತಿ ಇನ್ನೊಂದು ಕೈಯಲ್ಲಿ ಕಳೆನಾಶಕ ಹೊಡೆದ ಹಾಗಾಯಿತು ಅಲ್ವಾ? ಮರಿಗೆ ಕಾಯಿಲೆ ಇದ್ದರೆ ವೈದ್ಯರು ಹೇಳಿದ ಔಷಧಿ ಕೊಡಿ, ಕೋರ್ಸ್ ಮುಗಿದ ಮೇಲೆ ಕಲ್ಚರ್ ಕೊಡಿ. ಕಾಯಿಲೆ ಇಲ್ಲದಿದ್ದರೆ ಮೊದಲನೆಯದು ಬೇಡವೇ ಬೇಡ.

ಕೊನೆಯ ದಿನದ ಬಗ್ಗೆಯೂ ಎರಡು ಮಾತು. ಕೋಳಿ ಕೊಯ್ಯುವ 8ರಿಂದ 12 ಗಂಟೆ ಮೊದಲು ಫೀಡ್ ಎತ್ತುತ್ತೀರಿ. ಹಸಿದ ಕೋಳಿ ಲಿಟ್ಟರ್ ಕುಕ್ಕಲು ಶುರು ಮಾಡುತ್ತದೆ. ಗಂಟಲ ಬುಡದ ಚೀಲದಲ್ಲಿ ಫೀಡ್ ಹುದುಗಿ ಆಗುತ್ತಿದ್ದ ಹುಳಿಯೂ ಈಗ ಇಲ್ಲ. ಹಾಗಾಗಿ ಅಲ್ಲಿ ಸಾಲ್ಮೊನೆಲ್ಲಾ ಏರುತ್ತದೆ. ಕತ್ತರಿಸುವಾಗ ಆ ಚೀಲ ಒಡೆದರೆ ಇಡೀ ಮಾಂಸಕ್ಕೆ. ನೀರನ್ನು ಮಾತ್ರ ಕೊನೆಯವರೆಗೂ ನಿಲ್ಲಿಸಬೇಡಿ. ಆ ನೀರಿಗೆ ಲ್ಯಾಕ್ಟಿಕ್ ಆಮ್ಲದಂಥದ್ದು ಬೆರೆಸಿದರೆ ಚೀಲದ ಸಾಲ್ಮೊನೆಲ್ಲಾ ಕಡಿಮೆ ಆಗುತ್ತದೆ. ತುಂಬಾ ಹುಳಿ ಮಾಡಿದರೆ ಕೋಳಿ ನೀರೇ ಕುಡಿಯುವುದಿಲ್ಲ, ಪಾಕೆಟ್ ಮೇಲಿನ ಅಳತೆ ಮೀರಬೇಡಿ. ಲಸಿಕೆಯನ್ನು ನೀರಲ್ಲಿ ಕೊಡುವ ದಿನ ಆಮ್ಲ ಬೇಡ, ಲಸಿಕೆ ಸಾಯುತ್ತದೆ.

ನಿಮ್ಮ ರಿಪೋರ್ಟ್‌ನಲ್ಲಿ ಬರೀ ‘ಸಾಲ್ಮೊನೆಲ್ಲಾ ಪಾಸಿಟಿವ್’ ಅಂತ ಇದೆಯೋ, ಅದರ ಬಗೆಯ ಹೆಸರೂ ಇದೆಯೋ ನೋಡಿ. ಇಲ್ಲದಿದ್ದರೆ ಲ್ಯಾಬ್‌ನವರಿಗೆ ಹೇಳಿ ಅದನ್ನು, ಜೊತೆಗೆ ಯಾವ ಯಾವ ಔಷಧಿಗೆ ಬಗ್ಗುತ್ತದೆ ಅನ್ನುವುದನ್ನು ಬರೆಸಿಕೊಳ್ಳಿ. ಗ್ಯಾಲಿನೇರಮ್ ಅಥವಾ ಪುಲ್ಲೋರಮ್ ಬಂದಿದ್ದರೆ ಇಷ್ಟು ಹೊತ್ತು ಹೇಳಿದ್ದನ್ನೆಲ್ಲ ಪಕ್ಕಕ್ಕಿಟ್ಟು ಮೊದಲು ಮರಿ ಕೊಟ್ಟವರಿಗೆ ಫೋನ್ ಮಾಡಿ. ಬೇರೆ ಯಾವುದೇ ಹೆಸರು ಬಂದಿದ್ದರೂ ಮುಂದಿನ ಬ್ಯಾಚ್‌ನ ಡಬ್ಬದ ಕಾಗದ, ಮೂರನೇ ವಾರದ ಹಿಕ್ಕೆ, ಎರಡರ ಫಲಿತಾಂಶ ಬಂದ ಮೇಲೆ ಇನ್ನೊಮ್ಮೆ ಬರೆಯಿರಿ. ಎರಡರಲ್ಲೂ ಒಂದೇ ಬಗೆ ಸಿಕ್ಕಿತೋ ಬೇರೆ ಬೇರೆ ಸಿಕ್ಕಿತೋ ಅನ್ನುವುದನ್ನು ಮರೆಯದೆ ತಿಳಿಸಿ. ಇಲಿ ಹಿಡಿಯಬೇಕೋ ಹ್ಯಾಚರಿ ಬದಲಾಯಿಸಬೇಕೋ ಅಂತ ಅದನ್ನು ನೋಡಿ ಹೇಳಬಹುದು.